ಧೂಳಮ್ಮ ಬಿಟ್ಟ ಒಂದು ಗೇಣು ಜಾಗ

ಹುಮನಾಬಾದಿನ ಹಳೇ ಪೇಟೆ ಇನ್ನೂ ಕಣ್ಣು ಬಿಟ್ಟಿಲ್ಲ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಲಾರಿಗಳ ಸದ್ದು ದೂರದಿಂದ ಕೇಳುತ್ತದೆ, ಅಷ್ಟೇ. ಓಣಿಯೊಳಗೆ ಎದ್ದು ಕೆಲಸಕ್ಕೆ ಹತ್ತಿದವರು ಇಬ್ಬರೇ: ಕಾಳುಕಡಿಯ ಅಡತಿ ವ್ಯಾಪಾರಿ ಬಸವಣಪ್ಪನ ಎಮ್ಮೆ ಮತ್ತು ಆತನ ಮನೆಯ ಮುಂಗೋಡೆಗೆ ಸುಣ್ಣ ಬಳಿಯುತ್ತಿರುವ ಧೂಳಮ್ಮ. ಎಮ್ಮೆಯ ಕೆಲಸ ಮೇವು ಮೆಲ್ಲುವುದು, ಅದು ಸಾವಕಾಶವಾಗಿ ನಡೆದಿದೆ. ಧೂಳಮ್ಮನಿಗೆ ಆ ಸಾವಕಾಶ ಇಲ್ಲ. ಸೀರೆಯನ್ನು ಎತ್ತಿ ಕಚ್ಚೆ ಕಟ್ಟಿ, ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ನಿಂತು, ಕುರಿಯ ಉಣ್ಣೆ ಸುತ್ತಿದ ಕೋಲನ್ನು ಸುಣ್ಣದ ಗಡಿಗೆಯಲ್ಲಿ ಅದ್ದಿ ಅದ್ದಿ ಎಳೆಯುತ್ತಿದ್ದಾಳೆ. 1981ರ ಜೂನ್ ತಿಂಗಳು. ಮೋಡ ಕಟ್ಟಿದೆ, ಮಳೆ ಇನ್ನೂ ಮನಸ್ಸು ಮಾಡಿಲ್ಲ.

ಗೋಡೆ ಬೆಳಗಾಗುತ್ತ ಬೆಳ್ಳಗಾಗುತ್ತಿದೆ. ಆದರೆ ಬಾಗಿಲಿನ ಪಕ್ಕದಲ್ಲಿ, ಭುಜದ ಎತ್ತರಕ್ಕೆ, ಒಂದು ತುಂಡು ಜಾಗವನ್ನು ಧೂಳಮ್ಮ ಮುಟ್ಟುತ್ತಿಲ್ಲ. ಹಿಟ್ಟು ಹಚ್ಚಿದಂತೆ ಮಂಕಾದ ಹಳೆಯ ಸುಣ್ಣ ಅಲ್ಲಿ ಹಾಗೇ ಇದೆ. ಅದರ ಮೇಲೆ ಕೆಮ್ಮಣ್ಣಿನಲ್ಲಿ ಬೆರಳಿಂದ ಬರೆದ ಅಕ್ಷರಗಳು: ‘ಚಂದಮ್ಮ, ಏಳನೇ ವರ್ಗ.’ ಅದರ ಕೆಳಗೆ ‘ಎಂಟನೇ ವರ್ಗ’, ಅದರ ಕೆಳಗೆ ‘ಒಂಬತ್ತನೇ ವರ್ಗ’, ಎಲ್ಲಕ್ಕಿಂತ ಕೆಳಗೆ, ಕೊಂಚ ಓರೆಯಾಗಿ, ‘ಹತ್ತನೇ ವರ್ಗ’.

ಚಂದಮ್ಮ ಬಸವಣಪ್ಪನ ಮಗಳು. ಇವತ್ತು ಮಧ್ಯಾಹ್ನದ ಬಸ್ಸಿಗೆ ಚಿಟಗುಪ್ಪದಿಂದ ಹುಡುಗನ ತಾಯಿ ಬರುತ್ತಾಳೆ, ಮದುವೆಯ ದಿನ ಗೊತ್ತು ಮಾಡುತ್ತಾಳೆ. ಆಷಾಢ ಕಾಲಿಡುವ ಮೊದಲೇ ಮಗಳ ತಲೆಗೆ ಅಕ್ಕಿಕಾಳು ಬೀಳಬೇಕು. ಇಡೀ ಗೋಡೆ ಬಳಿ, ಹಳೆಯದೇನೂ ಕಾಣಬಾರದು, ದಿನ ಗೊತ್ತಾದ ಕೂಡಲೇ ಬಾಗಿಲಿನ ಎರಡೂ ಕಡೆ ಆನೆ ಬರೆದು ನಿಲ್ಲಿಸು ಎಂದು ಬಸವಣಪ್ಪ ನಿನ್ನೆಯೇ ಹೇಳಿ ಹೋಗಿದ್ದಾನೆ. ಆನೆಗೆ ಬೇಕಾದ ಕೆಮ್ಮಣ್ಣು ಕಲಸಿ ಗಡಿಗೆಯಲ್ಲಿ ಸಿದ್ಧವಾಗಿದೆ, ಮೇಲೆ ಒದ್ದೆ ಗೋಣಿತಾಟು ಮುಚ್ಚಿದೆ.

“ಬಳಿ ಅಂದ್ರ ಬಳಿಯಾಕತ್ತೇನ್ರಿ,” ಎನ್ನುತ್ತಾಳೆ ಧೂಳಮ್ಮ, ಕೈ ನಿಲ್ಲಿಸದೆ, ಅವಳ ಕೆಲಸ ನೋಡಲು ಬಂದ ನಮಗೆ. “ಅಳಸು ಅಂದ್ರ ಮಾತ್ರ ನನ್ನ ಕೈ ಏಳಾಂಗಿಲ್ಲ. ನಾ ಬರದಿದ್ದು ನಾ ಅಳಸಬೌದು. ಅದು ಆಕಿ ಬರದದ್ದು.”

ಹುಮನಾಬಾದಿನಲ್ಲಿ ಧೂಳಮ್ಮನ ಆನೆ ನಿಲ್ಲದ ಮದುವೆ ಮನೆ ಸಿಗುವುದು ಕಷ್ಟ. ಹಾಗಿದ್ದೂ ಈ ಆನೆಗಳನ್ನು ಬರೆಯುವವರು ಯಾರು ಎಂದು ಕೇಳಿದರೆ ಪೇಟೆಯ ಅರ್ಧ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಸುಣ್ಣದ ಧೂಳಮ್ಮ ಎಂದರೆ ಗೊತ್ತು. ಗೋಡೆಗೆ ಸುಣ್ಣ ಹೊಡೆಯುವ ಹೆಂಗಸಲ್ಲವೇ ಎನ್ನುತ್ತಾರೆ. ಆ ಹೆಂಗಸು ಈ ಓಣಿಗಳ ಹುಡುಗಿಯರಿಗೆ ಏನು ಮಾಡಿಟ್ಟಿದ್ದಾಳೆ ಎನ್ನುವುದು ಮಾತ್ರ ಯಾರ ಲಕ್ಷ್ಯಕ್ಕೂ ಬಂದಿಲ್ಲ. ಬರಲಿ ಎಂದು ಅವಳೂ ಕಾದಿಲ್ಲ.

ಅವಳ ತವರು ರಾಜೇಶ್ವರದ ಆಚೆ, ಕುರಿ ಕಾಯುವ ಮನೆತನ. ಗಂಡ ಪಂಡರಿಯದೂ ಅದೇ ಕಸುಬು. ರಾಜ್ಯ ಒಂದಾದ ವರ್ಷ, ಅಂದರೆ ಬೀದರ ಜಿಲ್ಲೆ ಹೈದರಾಬಾದ್ ಬಿಟ್ಟು ಮೈಸೂರಿಗೆ ಸೇರಿದ ವರ್ಷ, ಇವರ ಕುರಿಗಳಿಗೆ ರೋಗ ಬಡಿಯಿತು. ದೊಡ್ಡಿ ಖಾಲಿಯಾಯಿತು. ಗಂಡ ಹೆಂಡತಿ ಹುಮನಾಬಾದಿಗೆ ಬಂದರು. ಪಂಡರಿ ಪೇಟೆಯಲ್ಲಿ ಚೀಲ ಹೊರುವ ಹಮಾಲಿಯಾದ. ಧೂಳಮ್ಮ ಸುಣ್ಣದ ಗಡಿಗೆ ಹಿಡಿದಳು. ಕೆಲವೇ ವರ್ಷಗಳಲ್ಲಿ ಪಂಡರಿಯ ಸೊಂಟ ಕೈಕೊಟ್ಟಿತು. ಅಲ್ಲಿಂದ ಮನೆ ನಡೆದದ್ದು ಉಣ್ಣೆ ಸುತ್ತಿದ ಈ ಒಂದು ಕೋಲಿನ ಮೇಲೆ.

ಅವಳು ಮೊದಲ ಮದುವೆ ಗೋಡೆ ಬರೆದದ್ದು 1957ರಲ್ಲಿ, ಇದೇ ಪೇಟೆಯ ಒಬ್ಬ ವ್ಯಾಪಾರಿಯ ಮನೆಗೆ. ಹುಡುಗಿಯ ಹೆಸರು ಸೂಗಮ್ಮ. ಹುಡುಗ ಚಿಟಗುಪ್ಪದ ಮಹಾರುದ್ರಪ್ಪ. ಅಂಗಡಿಯ ಗುಮಾಸ್ತ ಬಂದು ಹುಡುಗನ ಹೆಸರನ್ನು ಸೀಮೆಸುಣ್ಣದಲ್ಲಿ ಗೀಚಿ ಹೋದ. ಧೂಳಮ್ಮ ಅದರ ಮೇಲೆ ಕೆಮ್ಮಣ್ಣು ತುಂಬಿದಳು. ಅವಳ ಪಾಲಿಗೆ ಅಕ್ಷರವೆಂದರೆ ಬಳ್ಳಿ, ಹೂವು ಇದ್ದಂತೆ ಅದೂ ಒಂದು ಚಿತ್ರ. ಹುಡುಗಿಯ ಹೆಸರನ್ನು ಗುಮಾಸ್ತ ಬರೆಯಲೇ ಇಲ್ಲ. ಗಂಡನ ಮನೆಗೆ ಹೋದ ಮೇಲೆ ಹೇಗೂ ಹೆಸರು ಬದಲಾಗುತ್ತದೆ, ಸುಮ್ಮನೆ ಯಾಕೆ ಎಂದು ಅವನ ಲೆಕ್ಕ. ಹುಡುಗನ ಹೆಸರಿನ ಪಕ್ಕದ ಜಾಗ ಬೋಳಾಗಿ ಉಳಿಯಿತು. ಧೂಳಮ್ಮನಿಗೆ ಅದು ಕಣ್ಣಿಗೆ ಚುಚ್ಚಿತು.

“ನಮ್ಮ ಕಡಿ ಕುರಿ ಮಾರಿದ್ರ ಬೆನ್ನಿಗಿ ಕೆಮ್ಮಣ್ಣಿಲೆ ಎರಡ ಗೀಟ, ನಡಬರಕ ಒಂದ ಬೊಟ್ಟ ಹಾಕ್ತೀವ್ರಿ. ಇದು ಈ ದೊಡ್ಡೀದಲ್ಲ, ಆ ದೊಡ್ಡೀದು ಅಂತ ಗುರುತ. ಹುಡುಗಿ ಈ ಮನಿ ಬಿಟ್ಟ ಆ ಮನಿಗಿ ಹೊಂಟಾಳ, ಗುರುತ ಬೇಕಲ್ಲ ಅಂತ ತಿಳಕೊಂಡ ನಾನೂ ಹಂಗೇ ಹಾಕಿಬಿಟ್ಟೆ. ಖರೇ ಹೇಳ್ತೀನ್ರಿ, ಅದು ತಪ್ಪ ಅಂತ ನನಗ ಮಾಲೂಮೇ ಇರಲಿಲ್ಲ.”

ಕುರಿ ವ್ಯಾಪಾರ ಬಲ್ಲ ಹುಡುಗಿಯ ಸೋದರಮಾವ ಗೋಡೆ ನೋಡಿದ. ನೋಡಿದ್ದೇ ತಡ, ಮನೆಯನ್ನು ತಲೆಯ ಮೇಲೆ ಹೊತ್ತ. ನಮ್ಮ ಹುಡುಗಿಯೇನು ಮಾರಿದ ಕುರಿಯೇ ಎಂದು ಧೂಳಮ್ಮನ ಮೇಲೆ ಏರಿ ಬಂದ. ಆದರೆ ಅಳಿಸುವ ಹಾಗಿಲ್ಲ. ಈ ಕಡೆ ಮದುವೆ ಗೋಡೆಗೆ ಒಂದು ಕಟ್ಟಳೆಯಿದೆ: ಅದರ ಮೇಲೆ ಬಿದ್ದ ಕೆಂಪನ್ನು ಮನುಷ್ಯರ ಕೈ ಅಳಿಸಬಾರದು. ಮದುವೆ ಮುಗಿದ ಮೇಲೆ ಮಳೆ ಬಂದು ತಾನಾಗಿ ತೊಳೆಯಬೇಕು. ಹಿರಿಯರೆಲ್ಲ ಗೋಡೆಯ ಮುಂದೆ ನಿಂತು ಕೈ ಕೈ ಹಿಸುಕಿಕೊಂಡರು.

ಆಗ ಒಳಗಿಂದ ಸೂಗಮ್ಮ ಬಂದಳು. ಹದಿನಾಲ್ಕರ ಹುಡುಗಿ, ಮೂರನೇ ಜಮಾತು ಓದಿದ್ದಳು. ಯಾರನ್ನೂ ಕೇಳಲಿಲ್ಲ. ಗಡಿಗೆಯಲ್ಲಿ ಬೆರಳದ್ದಿ, ಆ ಗುರುತಿನ ಮಗ್ಗುಲಿಗೆ ಉಳಿದಿದ್ದ ಚೂರು ಬಿಳಿಯಲ್ಲಿ ತನ್ನ ಹೆಸರನ್ನು ತಾನೇ ಬರೆದು ಒಳಗೆ ಹೋದಳು. ಗದ್ದಲ ನಿಂತಿತು. ಧೂಳಮ್ಮ ಮಾತ್ರ ಬಹಳ ಹೊತ್ತು ಅಲ್ಲೇ ನಿಂತು, ತಾನು ಹಾಕಿದ ಗುರುತನ್ನೂ ಹುಡುಗಿ ಬರೆದದ್ದನ್ನೂ ನೋಡುತ್ತಿದ್ದಳಂತೆ. ಅಂದು ತನಗೆ ಆದ ನಾಚಿಕೆಯನ್ನು ಹೇಳುವಾಗ ಇವತ್ತಿಗೂ ಅವಳ ಕಣ್ಣು ತುಂಬುತ್ತದೆ.

ಅಂದಿನಿಂದ ಹುಡುಗನ ಹೆಸರಿನ ಪಕ್ಕ ಒಂದು ಗೇಣು ಜಾಗ ಬಿಡುವುದು ಅವಳ ರೂಢಿ. ಅದನ್ನು ಅವಳು ತುಂಬುವುದಿಲ್ಲ, ಗುಮಾಸ್ತನಿಗೂ ತುಂಬಲು ಬಿಡುವುದಿಲ್ಲ. ಹುಡುಗಿಯೇ ಬಂದು ಬೆರಳಿಂದ ಹೆಸರು ಬರೆಯಬೇಕು. ಬರೆಯಲು ಬಾರದಿದ್ದರೆ ಆ ಜಾಗ ಬೆಳ್ಳಗೆ ಉಳಿಯುತ್ತದೆ, ಓಣಿಗೆ ಓಣಿಯೇ ನೋಡುತ್ತದೆ. ಮೊದಮೊದಲು ಬೈದರು. ಸುಣ್ಣದವಳಿಗೆ ಇಷ್ಟು ಸೊಕ್ಕೇ ಎಂದರು. ಕೆಲವರು ಬೇರೆಯವರನ್ನು ಕರೆಸಿ ಆನೆ ಬರೆಸಿದರು; ಆ ಆನೆಗಳು ಹಂದಿಯ ಹಾಗೆ ಕಂಡವು. ತಿರುಗಿ ಧೂಳಮ್ಮನ ಬಾಗಿಲಿಗೇ ಬಂದರು.

ಬರಬರುತ್ತ ತಾಯಂದಿರಿಗೆ ಆ ಬಿಳಿ ಜಾಗದ ಫಿಕೀರು ಹತ್ತಿತು. ನಾಲ್ಕು ಮಂದಿ ಬಂದಾಗ ಮಗಳ ಜಾಗ ಬೋಳಾಗಿ ಕಂಡರೆ ಹೇಗೆ? ಹೆಸರು ಬರೆಯುವಷ್ಟಾದರೂ ಬರಲಿ ಎಂದು ಶಾಲೆಗೆ ಕಳಿಸಿದರು. ಹೋದ ಹುಡುಗಿಯರು ಹೆಸರಿಗೇ ನಿಲ್ಲುತ್ತಾರೆಯೇ? ಪಕ್ಕದ ಮುಸಲ್ಮಾನರ ಗಲ್ಲಿಯ ಆಮಿನಾ ತನ್ನ ಮದುವೆಗೆ ಧೂಳಮ್ಮನನ್ನು ಕರೆಸಿಕೊಂಡಳು. ಆನೆ ಬೇಡ, ಹೂಬಳ್ಳಿ ಸಾಕು ಎಂದು ಮನೆಯವರು ಹೇಳಿದರು. ಆಮಿನಾ ಉರ್ದುವಿನಲ್ಲಿ ಹೆಸರು ಬರೆಯುವಾಗ ಬೆರಳು ಬಲದಿಂದ ಎಡಕ್ಕೆ ಹೊರಟದ್ದು ನೋಡಿ ಧೂಳಮ್ಮ ಗಾಬರಿಯಾದಳು. “ಉಲ್ಟಾ ಹೊಂಟೀಯಲ್ಲವ್ವ ಅಂದೆ. ನಮ್ದು ಹಿಂಗೇ ಖಾಲಾ ಅಂತ ನಕ್ಕಳು. ನನಗೇನ ತಿಳೀತದ್ರಿ? ಆಕಿ ಕೈಲೆ ಬರದ್ರ ಸಾಕು.” ಆ ಆಮಿನಾ ಈಗ ತನ್ನ ಮನೆಯ ಪಡಸಾಲೆಯಲ್ಲಿ ಗಲ್ಲಿಯ ಹುಡುಗಿಯರನ್ನು ಕೂರಿಸಿಕೊಂಡು ಪಾಠ ಹೇಳುತ್ತಾಳೆ.

ಇಷ್ಟೆಲ್ಲ ಹೇಳುವ ಧೂಳಮ್ಮ ತನ್ನ ಮಗಳು ಸಖುಬಾಯಿಯ ಮಾತು ಬಂದರೆ ಮೆತ್ತಗಾಗುತ್ತಾಳೆ. ಸಖುಬಾಯಿಯನ್ನು ಎಳವೆಯಲ್ಲೇ ರಾಜೇಶ್ವರದ ಕಡೆ ಕೊಟ್ಟರು. ಪಂಡರಿ ಹಾಸಿಗೆ ಹಿಡಿದಿದ್ದ, ಮನೆಯಲ್ಲಿ ಇವಳ ಮಾತು ನಡೆಯಲಿಲ್ಲ. “ಊರಾಗಿನ ಹುಡುಗ್ಯಾರು ಬರದ್ರು. ನನ್ನ ಮಗಳ ಜಾಗ ಹಂಗೇ ಬೆಳ್ಳಗ ಉಳೀತ್ರಿ. ನಾನೇ ಬಳದ ಸುಣ್ಣ, ನಾನೇ ಬಿಟ್ಟ ಜಾಗ.” ಹೇಳಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾಳೆ.

ಮದುವೆಯ ಕಾಲದಲ್ಲಿ ದಿನಕ್ಕೆ ಎರಡು ಗೋಡೆ ಆಗುತ್ತವೆ. ಒಂದು ಗೋಡೆಗೆ ಮೂರು ಸಲ ಸುಣ್ಣ. ಮೊದಲನೆಯದು ಮಜ್ಜಿಗೆಯಷ್ಟು ತೆಳು, ಕೊನೆಯದಕ್ಕೆ ಅಂಟು, ಚಿಟಿಕೆ ನೀಲಿ. ಕೆಮ್ಮಣ್ಣಿಗೆ ಬರವಿಲ್ಲ, ಊರ ಹೊರಗೆ ಕಾಲಿಟ್ಟಲ್ಲೆಲ್ಲ ಕೆಂಪೇ. ಅದನ್ನು ಕುಟ್ಟಿ, ಜರಡಿ ಹಿಡಿದು, ರಾತ್ರಿ ನೆನೆಸಿಡುತ್ತಾಳೆ. ಕೂಲಿಯ ಜೊತೆಗೆ ಒಂದು ಕುಪ್ಪಸದ ಖಣ, ಮಡಿಲು ತುಂಬ ಜೋಳ ಸಿಗುತ್ತದೆ. ಸುಣ್ಣ ಅವಳ ಬೆರಳ ಸಂದುಗಳನ್ನು ತಿಂದು ಹಾಕಿದೆ. ಮಲಗುವಾಗ ಕುಸುಬಿ ಎಣ್ಣೆ ಸವರಿಕೊಂಡರೆ ಉರಿ ಕೊಂಚ ತಗ್ಗುತ್ತದೆ. ಒಮ್ಮೆ ಸುಣ್ಣ ಸಿಡಿದ ಎಡಗಣ್ಣು ಸಂಜೆಯಾದರೆ ಮಬ್ಬು. ಅದಕ್ಕೇ ಅವಳು ಬೆಳಗಿನ ಜಾವವೇ ಕೆಲಸಕ್ಕೆ ಹತ್ತುತ್ತಾಳೆ.

ಈಗ ಈ ಗೋಡೆಯ ಮಾತು. ಮೂರು ವರ್ಷದ ಹಿಂದೆ, ಬೇಸಿಗೆಯಲ್ಲಿ, ಚಂದಮ್ಮನ ಮದುವೆ ಗೊತ್ತು ಮಾಡಲು ಇದೇ ಗೋಡೆ ತಯಾರಾಗಿತ್ತು. ಹುಡುಗ ವೈಜನಾಥ, ಚಿಟಗುಪ್ಪದ ಸೂಗಮ್ಮನ ಮಗ. ಹೌದು, ಅದೇ ಸೂಗಮ್ಮ. ಚಂದಮ್ಮನಿಗೆ ಆಗ ಹದಿಮೂರು. ಧೂಳಮ್ಮ ಗೇಣು ಜಾಗ ಬಿಟ್ಟಳು. ಹುಡುಗಿ ಬಂದು ಬೆರಳದ್ದಿ ಹೆಸರು ಬರೆದಳು, ಪುಸ್ತಕದ ರಟ್ಟಿನ ಮೇಲೆ ಬರೆದು ಬರೆದು ರೂಢಿಯಾಗಿತ್ತಲ್ಲ, ಹೆಸರಿನ ಮುಂದೆ ವರ್ಗವನ್ನೂ ಬರೆದುಬಿಟ್ಟಳು.

“ನನಗ ಓದಾಕ ಎಲ್ಲಿ ಬರ್ತದ್ರಿ? ಹೆಸರ ಅಂದ್ರ ಇಷ್ಟ ಉದ್ದ ಇರಾಂಗಿಲ್ಲಲ್ಲ ಅಂತ ಅನಸ್ತು, ಅಷ್ಟೇ.”

ಚಿಟಗುಪ್ಪದ ಬಸ್ಸಿಳಿದು ಬಂದ ಸೂಗಮ್ಮನಿಗೆ ಓದಲು ಬರುತ್ತಿತ್ತು. ಗಂಡ ಮಹಾರುದ್ರಪ್ಪ ತೀರಿಕೊಂಡ ಮೇಲೆ ಹೊಲ, ಮನೆ, ಮಾತು ಎಲ್ಲ ಅವಳದೇ. ಗೋಡೆಯ ಮುಂದೆ ನಿಂತು ಓದಿದಳು. ಇಸ್ಕೂಲಿಗೆ ಹೋಗುವ ಹುಡುಗಿಯನ್ನು ಸೊಸೆ ಎಂದು ಹೇಗೆ ಕರೆದೊಯ್ಯಲಿ, ಹತ್ತನೇದು ಮುಗಿಯಲಿ, ಆಮೇಲೆ ಬರುತ್ತೇನೆ ಎಂದು ಬಂದ ಬಸ್ಸಿಗೇ ತಿರುಗಿದಳು. ದಿನ ಗೊತ್ತಾಗಲಿಲ್ಲ, ಹುಡುಗನ ಹೆಸರೂ ಆನೆಗಳೂ ಗೋಡೆಗೆ ಬರಲಿಲ್ಲ. ಸೂರು ಮುಂದೆ ಚಾಚಿದ್ದರಿಂದ ಮಳೆಗೂ ಆ ಅಕ್ಷರ ಸಿಗಲಿಲ್ಲ. ಪ್ರತಿ ಜೂನಿನಲ್ಲಿ ಶಾಲೆ ಶುರುವಾದ ದಿನ ಚಂದಮ್ಮ ಧೂಳಮ್ಮನ ಗುಡಿಸಲಿಗೆ ಹೋಗಿ ಒಂದು ಹಿಡಿ ಕೆಮ್ಮಣ್ಣು ತಂದು ಕೆಳಗಿನ ಸಾಲು ಬರೆದಳು. ಬಸವಣಪ್ಪನ ಮಗಳಷ್ಟೇ ಅಲ್ಲ, ಗೋಡೆಯೂ ಪಾಸಾಗುತ್ತಿದೆ ಎಂದು ಪೇಟೆಯವರು ಚೇಷ್ಟೆ ಮಾಡಿದರು.

ಹತ್ತನೇದು ಈಗ ಮುಗಿದಿದೆ. ಚಂದಮ್ಮ ಪಾಸಾಗಿದ್ದಾಳೆ. ಅವಳಿಗೆ ಬಸವಕಲ್ಯಾಣದ ಕಾಲೇಜಿಗೆ ಹೋಗಬೇಕು, ಸೋದರತ್ತೆಯ ಮನೆಯಲ್ಲಿದ್ದು ಓದಬೇಕು, ಮುಂದೆ ಟೀಚರ್ ಆಗಬೇಕು. ಇದನ್ನು ತಾಯಿ ಕಸ್ತೂರಿಬಾಯಿಗೆ ಹೇಳಿದ್ದಾಳೆ, ಧೂಳಮ್ಮನಿಗೆ ಹೇಳಿದ್ದಾಳೆ. ಅಪ್ಪನಿಗೆ ಹೇಳುವ ಧೈರ್ಯ ಬಂದಿಲ್ಲ. ಬಸವಣಪ್ಪ ಕೆಟ್ಟವನಲ್ಲ. ಮೂರು ವರ್ಷ ಕಾದ ಬೀಗರ ಮುಂದೆ ಮಾತು ತಪ್ಪಿದವನೆನಿಸಿಕೊಳ್ಳಲು ಅವನ ಜೀವ ಒಪ್ಪುವುದಿಲ್ಲ, ಅಷ್ಟೇ.

ಬಿಸಿಲೇರುವ ಹೊತ್ತಿಗೆ ಬಸವಣಪ್ಪ ತಂಬಿಗೆ ಹಿಡಿದು ಹೊರಗೆ ಬರುತ್ತಾನೆ. ಗೋಡೆ ನೋಡಿ ಮುಖ ಕೆಂಪಾಗುತ್ತದೆ.

“ಏನ ಹೇಳಿದ್ದೆ ನಿನಗ? ಪೂರಾ ಬಳಿ ಅಂದಿದ್ದೆ.”

“ಬಳದೀನ್ರಿ ಸಾಹುಕಾರ್ರ. ಅದೊಂದ ಬಿಟ್ಟ.”

“ಅದೇ ಮೊದಲ ಹೋಗಬೇಕಾಗಿತ್ತು!”

“ಮದಿವಿ ಗೋಡಿ ಮ್ಯಾಲಿನ ಕೆಂಪ ಕೈಲೆ ಅಳಸಬಾರದಲ್ರಿ.”

“ಮದಿವೀನೇ ಆಗಿಲ್ಲ, ಎಂಥಾ ಮದಿವಿ ಗೋಡಿ?”

“ಆಗಿಲ್ಲ ಅಂತೇ ಇನ್ನಾ ಮದಿವಿ ಗೋಡಿ ಅದರಿ. ಆಗಿದ್ರ ಮಳಿ ತೊಳೀತಿತ್ತು.”

ಬಸವಣಪ್ಪ ತಾನೇ ಉಣ್ಣೆಯ ಕೋಲನ್ನು ಕಿತ್ತುಕೊಂಡು ಗಡಿಗೆಯಲ್ಲಿ ಅದ್ದುತ್ತಾನೆ. ಕೈ ಮೇಲೆದ್ದು ಅಲ್ಲೇ ನಿಲ್ಲುತ್ತದೆ. ಸುಣ್ಣ ಮೊಣಕೈಗುಂಟ ಇಳಿದು ಧೋತರದ ಮೇಲೆ ಹನಿಯುತ್ತದೆ. ಬಾಗಿಲಲ್ಲಿ ನಿಂತ ಕಸ್ತೂರಿಬಾಯಿ, “ಮಗಳ ಹೆಸರ ಅದ ಅಲ್ಲಿ, ಜರಾ ವಿಚಾರ ಮಾಡ್ರಿ,” ಎನ್ನುತ್ತಾಳೆ. ಬಸವಣಪ್ಪ ಕೋಲನ್ನು ಗಡಿಗೆಗೆ ಹಾಕಿ, ಸ್ನಾನಕ್ಕೂ ಪೂಜೆಗೂ ಒಳಗೆ ನಡೆಯುತ್ತಾನೆ.

ಧೂಳಮ್ಮ ‘ಹತ್ತನೇ ವರ್ಗ’ದ ಕೆಳಗೆ ಹೊಸ ಸುಣ್ಣ ಎಳೆದು ಒಂದು ಗೇಣು ಬಿಳಿ ಮಾಡುತ್ತಾಳೆ. ಒಳಗಿನಿಂದ ಬಂದ ಚಂದಮ್ಮನ ಕಡೆ ತಿರುಗದೆಯೇ, “ಜಾಗ ಬಿಟ್ಟೀನವ್ವ. ಬರೀ ಅಂತ ಹೇಳಾಂಗಿಲ್ಲ, ಬ್ಯಾಡ ಅಂತಾನೂ ಹೇಳಾಂಗಿಲ್ಲ,” ಎಂದು ಗೋಣಿತಾಟು ಸರಿಸುತ್ತಾಳೆ. ಹುಡುಗಿ ಅಪ್ಪ ಒಳಗೆ ಹೋದ ಬಾಗಿಲನ್ನು ಒಮ್ಮೆ ನೋಡಿ, ಗಡಿಗೆಯ ಮುಂದೆ ಕೂತು ಬೆರಳದ್ದುತ್ತಾಳೆ. ಆಮೇಲೆ ಎದ್ದು ಬರೆಯುತ್ತಾಳೆ: ‘ಕಾಲೇಜು, ಮೊದಲನೇ ವರ್ಷ.’

ಮಧ್ಯಾಹ್ನದ ಬಸ್ಸಿಗೆ ಸೂಗಮ್ಮ ಬಂದಾಗ ಬಸವಣಪ್ಪ ಎದುರಿಗೆ ಹೋಗಿ ಕೈ ಮುಗಿಯುತ್ತಾನೆ. ಆಗಲೇ ಅವನ ಕಣ್ಣಿಗೂ ಆ ಹೊಸ ಸಾಲು ಬೀಳುತ್ತದೆ. “ಹುಡುಗ ಬುದ್ಧಿರಿ. ಮನಸಿಗಿ ಹಚ್ಚಗೋಬ್ಯಾಡ್ರಿ, ಅಳಸ್ತೀವಿ,” ಎಂದು ತೊದಲುತ್ತಾನೆ.

“ಯಾರ ಅಳಸ್ತಾರ?” ಎಂದು ಕೇಳುತ್ತಾಳೆ ಸೂಗಮ್ಮ.

ಸೂಗಮ್ಮ ಗೋಡೆಯ ಹತ್ತಿರ ಹೋಗಿ, ಸಾಲಿನ ಕೆಳಗೆ ಬೆರಳು ಹಿಡಿದು, ಏಳರಿಂದ ಶುರುಮಾಡಿ ಕೊನೆಯತನಕ ಗಟ್ಟಿಯಾಗಿ ಓದುತ್ತಾಳೆ. ಕೊನೆಯ ಸಾಲನ್ನು ಎರಡು ಸಲ ಓದುತ್ತಾಳೆ.

“ನಾ ಮೂರನೇ ಜಮಾತಿಗೇ ನಿಂತೆ,” ಎನ್ನುತ್ತಾಳೆ. “ಈ ಓಣ್ಯಾಗ ಗೋಡಿ ಮ್ಯಾಲ ಹೆಸರ ಬರದೆ ನೋಡ್ರಿ, ಅದೇ ಕಡೀದು. ಆಮ್ಯಾಗ ಯಾರೂ ಬರೀ ಅನ್ನಲಿಲ್ಲ. ನಮ್ಮ ಯಜಮಾನ್ರು ತೀರಿದ ಮ್ಯಾಲ ಕಚೇರ್ಯಾಗ ಹೊಲದ ಕಾಗದಕ್ಕ ಹೆಬ್ಬಟ್ಟಿಲೆ ಅಂಗಠಾ ಒತ್ತಿದೆ. ನನಗ ಬರೀಯಾಕ ಬರ್ತದ ಅಂತ ಹೇಳಾಕ ಬಾಯೇ ಬರಲಿಲ್ಲ.” ಚಂದಮ್ಮನ ಕಡೆ ತಿರುಗುತ್ತಾಳೆ. “ನೀ ಓದವ್ವ. ವೈಜನಾಥ ಕಾಯ್ತಾನ. ಕಾಯಾಂಗಿಲ್ಲ ಅಂದ್ರ ಆವಾ ಬ್ಯಾರೆ ಕಡಿ ನೋಡಕೊಳ್ಳಲಿ. ನೀ ಮಾತ್ರ ನಿಂದರಬ್ಯಾಡ.”

ಹೇಳಿದವಳೇ ಕೆಮ್ಮಣ್ಣಿನ ಗಡಿಗೆಯಲ್ಲಿ ಬೆರಳದ್ದುತ್ತಾಳೆ. ಚಂದಮ್ಮನ ಸಾಲಿನ ಮಗ್ಗುಲಿಗೆ, ತಡವರಿಸುತ್ತ, ನಡುವೆ ಒಮ್ಮೆ ನಿಂತು ನೆನಪು ಮಾಡಿಕೊಂಡು, ಬರೆಯುತ್ತಾಳೆ. ಚಂದಮ್ಮ ಅಳುತ್ತಿದ್ದಾಳೆ, ಕಸ್ತೂರಿಬಾಯಿ ಅಳುತ್ತಿದ್ದಾಳೆ. ಧೂಳಮ್ಮ ತನ್ನ ಒಳ್ಳೆಯ ಕಣ್ಣನ್ನು ಕಿರಿದು ಮಾಡಿ ಗೋಡೆಯನ್ನೇ ನೋಡುತ್ತಾಳೆ. ಏನು ಬರೆದಿದೆ ಎಂದು ಅವಳಿಗೆ ಯಾರೂ ಹೇಳಿಲ್ಲ.

“ಸೂಗಮ್ಮ,” ಎನ್ನುತ್ತಾಳೆ. “ಇದೊಂದ ನನಗ ಓದಾಕ ಬರ್ತದ್ರಿ. ಅವತ್ತೇ ನೋಡಿಟ್ಟಿದ್ದೆ.”

ಸೂಗಮ್ಮ ಕೆಂಪು ಬೆರಳಿನಲ್ಲೇ ಅವಳ ಸುಣ್ಣದ ಕೈ ಹಿಡಿದುಕೊಳ್ಳುತ್ತಾಳೆ. ಬಸವಣಪ್ಪ ಅತ್ತ ನೋಡಲಾಗದೆ ಬಾಗಿಲಿನ ಎರಡು ಬದಿಯ ಬೋಳು ಬಿಳಿಯನ್ನು ನೋಡುತ್ತಾನೆ. ಮಾತು ತಪ್ಪಿದ್ದು ತಾನಲ್ಲ ಎನ್ನುವ ನಿರಾಳ ಅವನ ಮುಖದ ಮೇಲೆ ಮೆಲ್ಲಗೆ ಬರುತ್ತಿದೆ.

“ಮತ್ತ ಆನಿ, ಧೂಳಮ್ಮ?” ಎಂದು ಕೇಳುತ್ತಾನೆ.

ಧೂಳಮ್ಮ ಕೆಮ್ಮಣ್ಣಿನ ಗಡಿಗೆಗೆ ಗೋಣಿತಾಟು ಮುಚ್ಚಿ, ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳುತ್ತಾಳೆ.

“ಆನಿ ಎಲ್ಲಿ ಓಡಿ ಹೋಗ್ತಾವ್ರಿ ಸಾಹುಕಾರ್ರ? ಗಡಿಗ್ಯಾಗೇ ಇರ್ತಾವ. ಹುಡುಗಿ ಓದ ಮುಗಿಸಿ ಬರಲಿ, ನಿಂದರಸ್ತೀನಿ.”